ತಿಪ್ಪಕ್ಕನ ಎಡಹೊಳ್ಳೆ

ಒಂದಾನೊಂದು ಊರಿನಲ್ಲಿ, ಅಂದ್ರೆ ಹದಿನೇಳು ಪ್ರಾಂತ್ಯ ಇರೋ ದೇಶದ ಹದಿನೇಳನೇ ಪ್ರಾಂತ್ಯದ ಕಟ್ಟಕಡೇ ಊರಿನಲ್ಲಿ, ತಿಪ್ಪಕ್ಕ ಅಂತ ಒಬ್ಬಳಿದ್ದಳು. ಮೆಣಸಿನಕಾಯಿ ಕುಟ್ಟಿ ಖಾರದಪುಡಿ ಮಾರೋದು ಅವಳ ಕಸುಬು. ಮೆಣಸಿನಕಾಯಿ ಕುಟ್ಟೋರಿಗೆ ಸೀನು ಬರುತ್ತೆ. ಅದರಲ್ಲೇನೂ ವಿಶೇಷ ಇಲ್ಲ. ವಿಶೇಷ ಏನಪ್ಪಾ ಅಂದ್ರೆ, ಆ ದೇಶದಲ್ಲಿ ಸೀನಬೇಕಾದ್ರೆ ರಾಜಧಾನಿಯ ಮಹಾಸಭೆ ಒಪ್ಪಬೇಕಿತ್ತು.

ಯಾಕೆ ಅಂತೀರಾ? ಅಲ್ಲಿನ ಮಹಾರಾಜ ಮೊಂಡುಮೂಗಪ್ಪ ಒಂದಿನ ಮಾವನ ಮನೆಗೆ ಹೋಳಿಗೆ ಊಟಕ್ಕೆ ಹೊರಟಿದ್ದ. ಒಂದು ಕಾಲು ಹೊಸಿಲಾಚೆ, ಒಂದು ಈಚೆ. ಅಷ್ಟರಲ್ಲಿ ಕಾವಲಿನವನೊಬ್ಬ ಒಂಟಿ ಸೀನು ಸೀನಿಬಿಟ್ಟ. ನಾವು ನೀವಾದ್ರೆ ಏನ್ಮಾಡ್ತೀವಿ? ಒಂದು ಗಳಿಗೆ ಕೂತು, ನೀರು ಕುಡಿದು ಹೊರಡ್ತೀವಿ. ರಾಜರದ್ದು ಎಲ್ಲಾನೂ ಸ್ವಲ್ಪ ಜಾಸ್ತಿ ತಾನೇ. ಒಂಟಿ ಸೀನು ಬಿದ್ರೆ ಅಲ್ಲಿರೋ ಅಧಿಕಾರದವರೆಲ್ಲ ಕೂರಬೇಕು, ಅದೇ ಮೂಗಿನಿಂದ ಇನ್ನೊಂದು ಬಿದ್ದು ಜೋಡಿ ಆಗೋತನಕ ಏಳಬಾರದು ಅಂತ ಅರಮನೆ ಕಾನೂನು. ಆ ಕಾವಲಿನವನೋ ಹೆದರಿ ಕಾಡು ಸೇರಿದ್ದ. ಅವನನ್ನ ಹಿಡ್ಕೊಂಡು ಬಂದು ನಶ್ಯ ಏರಿಸೋ ಹೊತ್ತಿಗೆ ಮಹಾರಾಜ ಹನ್ನೊಂದು ದಿನ ಹೊಸಿಲ ಮೇಲೇ ಕೂತಿದ್ದ. ಹೋಳಿಗೆ ಹಳಸಿತ್ತು. ಎದ್ದವನೇ ಡಂಗುರ ಹೊಡೆಸಿದ: ಹದಿನೇಳೂ ಪ್ರಾಂತ್ಯದ ಸೀನು ಇನ್ಮೇಲೆ ಕೇಂದ್ರದ ವಶ. ಒಪ್ಪಿಗೆ ಇಲ್ದೆ ಸೀನಿದ್ರೆ ಮೂಗು ಜಪ್ತಿ.

ಹೀಗಾಗಿ ತಿಪ್ಪಕ್ಕನಿಗೆ ಬಂದ ಸೀನು ಮೂಗಲ್ಲೇ ಉಳ್ಕೊಂತು. ಅದು ಮರ್ಯಾದಸ್ಥ ಸೀನು. ಇರು ಅಂದ್ರೆ ಇರ್ತಿತ್ತು. ಏಳು ತಿಂಗಳಾದ ಮೇಲೆ ಮೆಲ್ಲಗೆ ಕೇಳ್ತು, "ಅಕ್ಕಾ, ನಾನು ಇಲ್ಲೇ ಮುದುಕ ಆಗ್ಬೇಕಾ?"

ಅಷ್ಟೊತ್ತಿಗೆ ಮೂಗು ಬದನೆಕಾಯಿ ಆಗಿ, ಸೋರೆಕಾಯಿ ಆಗಿ, ಒನಕೆ ಎತ್ತಿದ್ರೆ ಒನಕೆಗೇ ತಗಲ್ತಿತ್ತು. ಕುಟ್ಟೋದು ನಿಂತ್ಹೋಯ್ತು. ಒಲೆ ಉರಿಯೋದೂ ನಿಂತ್ಹೋಯ್ತು. ತಿಪ್ಪಕ್ಕ ಪ್ರಾಂತ್ಯಾಧಿಪತಿ ಹಾಲಪ್ಪನೋರ ಹತ್ರ ಹೋದಳು. ಹೆಸರಿಗೆ ಪ್ರಾಂತ್ಯಾಧಿಪತಿ. ಕೆಲಸ ಏನಂದ್ರೆ ಕೆಳಗಿಂದ ಬಂದ ಅರ್ಜಿಗೆ ಮೊಹರು ಒತ್ತಿ ಮೇಲಕ್ಕೆ ಕಳಿಸೋದು, ಮೇಲಿಂದ ಬಂದ ಬೈಗುಳಕ್ಕೆ ಮೊಹರು ಒತ್ತಿ ಕೆಳಕ್ಕೆ ಕಳಿಸೋದು.

"ನೋಡಮ್ಮಾ, ನನ್ನ ಕೈಲಿರೋದು ಕರವಸ್ತ್ರ ಒಂದೇ," ಅಂದ್ರು ಹಾಲಪ್ಪನೋರು. "ಸೀನಿದ ಮೇಲೆ ಬಾ, ಒರೆಸಿಕೊಡ್ತೀನಿ."

"ನಿಮಗೇ ಸೀನು ಬಂದ್ರೆ ಏನ್ಮಾಡ್ತೀರಿ ಸ್ವಾಮಿ?"

ಹಾಲಪ್ಪನೋರು ಮುಖ ಈ ಕಡೆ ತಿರುಗಿಸಿದ್ರು. ಅವರ ಮೂಗು ಕುಂಬಳಕಾಯಿಯಷ್ಟಾಗಿ ಪಕ್ಕದ ಸ್ಟೂಲಿನ ಮೇಲೆ ಮಲಗಿತ್ತು.

ತಿಪ್ಪಕ್ಕ ಮೂಗನ್ನ ಜೋಳಿಗೆಗೆ ಹಾಕ್ಕೊಂಡು ರಾಜಧಾನಿಗೆ ನಡೆದಳು. ಮಹಾಸಭೆಯಲ್ಲಿ ಒಂದೇ ನಿಯಮ: ಮಾತಾಡೋದಾದ್ರೂ ಎದ್ದು ನಿಲ್ಲಬೇಕು, ಒಪ್ಪೋದಾದ್ರೂ ಎದ್ದು ನಿಲ್ಲಬೇಕು, ಒಪ್ಪಿದ್ದನ್ನ ರದ್ದು ಮಾಡೋದಾದ್ರೂ ಎದ್ದು ನಿಲ್ಲಬೇಕು. ಹೀಗಾಗಿ ಎಲ್ರೂ ಯಾವಾಗ್ಲೂ ನಿಂತೇ ಇರ್ತಿದ್ರು, ಕೆಲಸ ಮಾತ್ರ ಕೂತಿರ್ತಿತ್ತು. ಕೆಲಸ ಯಾಕೆ ಏಳ್ತಿಲ್ಲ ಅಂತ ಆಗ್ಲೇ ಮೂರು ಸುಧಾರಣೆ ಆಗಿತ್ತು. ಐನೂರು ಜನ ಸಾಲಲ್ಲ ಅಂತ ಸಾವಿರ ಮಾಡಿದ್ರು. ಸಾವಿರ ಜನರನ್ನ ನೋಡ್ಕೊಳ್ಳೋಕೆ ಅಂತ ಮೇಲೊಂದು ಮನೆ, ಆ ಮನೆಯನ್ನ ನೋಡ್ಕೊಳ್ಳೋಕೆ ಅದರ ಮೇಲೊಂದು, ಹೀಗೆ ಏಳು ಅಂತಸ್ತು ಎಬ್ಬಿಸಿದ್ರು. ಗದ್ದಲ ಜಾಸ್ತಿ ಆಯ್ತು ಅಂತ ಎಲ್ಲರ ಕಿವಿಗೂ ಹತ್ತಿ ಕೊಟ್ರು. ಗದ್ದಲ ಹಾಗೇ ಇತ್ತು, ದೂರು ನಿಂತುಹೋಯ್ತು.

ತಿಪ್ಪಕ್ಕನ ಅರ್ಜಿ ಏಳಂತಸ್ತು ಹತ್ತಿ ಇಳಿಯೋದಕ್ಕೆ ಮೂರು ಹಬ್ಬ ಕಳೀತು. ಕೊನೆಗೆ ಅವಳನ್ನೇ ಕರೆಸಿ, ಮಹಾರಾಜನ ಮುಂದೆ ನಿಲ್ಲಿಸಿ, ನಿನ್ನ ಕೋರಿಕೆ ಏನು ಅಂತ ಕೇಳಿದ್ರು.

"ನಮ್ಮ ಸೀನು ನಮ್ಮ ಪ್ರಾಂತ್ಯಕ್ಕೇ ಬಿಟ್ಬಿಡಿ ಮಹಾಸ್ವಾಮಿ," ಅಂದಳು ತಿಪ್ಪಕ್ಕ. "ನಿಮಗೂ ಕೆಲಸ ಕಮ್ಮಿ ಆಗುತ್ತೆ."

ಸಾವಿರ ಜನ ಕಿವಿಯ ಹತ್ತಿ ತೆಗೆದ್ರು. ಇವತ್ತು ಸೀನು ಕೇಳ್ತಾರೆ, ನಾಳೆ ಆಕಳಿಕೆ ಕೇಳ್ತಾರೆ, ನಾಡಿದ್ದು ಬಿಕ್ಕಳಿಕೆಗೇ ಬೇರೆ ಬಾವುಟ ಹಾರಿಸ್ತಾರೆ ಅಂತ ಒಬ್ಬರು ಮೂರು ದಿನ ಮಾತಾಡಿದ್ರು. ದೇಶ ಒಂದು ಅಂದ್ಮೇಲೆ ಮೂಗೂ ಒಂದು ಅಂತ ಇನ್ನೊಬ್ಬರು ನಾಕು ದಿನ ಅತ್ತರು. ಕೊನೆಗೆ ಅಧಿಕಾರ ಹಂಚೋಣ ಅಂತಾಯ್ತು. ಬಲಹೊಳ್ಳೆ ಕೇಂದ್ರದ ಪಟ್ಟಿಗೆ, ಎಡಹೊಳ್ಳೆ ಪ್ರಾಂತ್ಯದ ಪಟ್ಟಿಗೆ, ನಡುವಿನ ಗೋಡೆ ಇಬ್ಬರ ಪಟ್ಟಿಗೂ. ಮೂಗುಬೊಟ್ಟು ಯಾರಿಗೆ ಅಂತ ನೋಡೋಕೆ ಒಂದು ಸಮಿತಿ. ಸಾವಿರ ಜನ ನಿಂತಲ್ಲೇ ಒಪ್ಪಿದ್ರು. ಮಹಾರಾಜನೂ ಖುಷಿಗೆ ಎದ್ದು ನಿಂತ.

"ಬಲಹೊಳ್ಳೆಗೆ ಮಂಜೂರಾಗಿದೆ, ಇಲ್ಲೇ ಸೀನಮ್ಮ," ಅಂದ್ರು ಸಭಾಪತಿಗಳು.

"ಅಕ್ಕಾ, ಅರ್ಧ ಹೋಗ್ಲಾ?" ಅಂತು ಸೀನು.

"ಅವರು ಎಷ್ಟು ಕೊಟ್ಟಿದಾರೋ ಅಷ್ಟೇ ಹೋಗು."

ತಿಪ್ಪಕ್ಕ ಸೀನಿದಳು. ಏಳಂತಸ್ತಿನ ಧೂಳು ಒಂದಂತಸ್ತಿಗೆ ಬಂತು. ಸೋರೆಕಾಯಿ ಮೂಗು ಬದನೆಕಾಯಿಗೆ ಇಳೀತು. ಹಿಂದೆಯೇ ಸಾವಿರದ ಒಂದು ಜನ ದೊಪ್ ಅಂತ ಕೂತ ಸದ್ದು. ಯಾಕಂದ್ರೆ ಬಿದ್ದಿದ್ದು ಒಂಟಿ ಸೀನು.

ಮಹಾರಾಜನ ಮುಖದಲ್ಲಿ ಹಳೇ ಹೋಳಿಗೆ ಕಂಡಿತು. "ತಿಪ್ಪಕ್ಕಾ, ಇನ್ನೊಂದು ಸೀನಮ್ಮ ತಾಯಿ."

"ಸೀನ್ತಿದ್ದೆ ಮಹಾಸ್ವಾಮಿ. ಉಳಿದಿರೋದು ಎಡಗಡೇದು. ಅದೀಗ ಪ್ರಾಂತ್ಯದ್ದು. ನಮ್ಮ ಕಡೆ ಬಂದು ಅರ್ಜಿ ಹಾಕಿ."

"ಬರೋಕೆ ಏಳಬೇಕಲ್ಲ."

"ಏಳೋಕೆ ನಾನು ಸೀನಬೇಕಲ್ಲ. ಬರೆದು ಕಳಿಸಿ, ಮೂರು ಪ್ರತಿ," ಅಂದು ತಿಪ್ಪಕ್ಕ ಖಾಲಿ ಜೋಳಿಗೆ ಮಡಚಿಟ್ಕೊಂಡು ಊರಿಗೆ ಬಂದಳು.

ಆಮೇಲೆ ಕೇಳ್ಬೇಡಿ. ಮಹಾಸಭೆ ಎದ್ದು ನಿಲ್ಲೋ ಹಾಗಿಲ್ಲ, ಹಾಗಾಗಿ ಮಾತಾಡೋ ಹಾಗಿಲ್ಲ, ಕೊಟ್ಟಿದ್ದನ್ನ ಕಿತ್ಕೊಳ್ಳೋ ಹಾಗೂ ಇಲ್ಲ. ಸೀನು, ರಸ್ತೆ, ಶಾಲೆ, ಸಂತೆ, ಎಲ್ಲಾ ಅಧಿಕಾರ ತಾನಾಗೇ ಪ್ರಾಂತ್ಯಗಳಿಗೆ ಉರುಳ್ಕೊಂಡು ಬಂತು. ಮೊದಲು ಸೀನಿದ್ದು ಹಾಲಪ್ಪನೋರು. ಎರಡೂ ಹೊಳ್ಳೆಯಿಂದ. ಬಲಗಡೇದನ್ನ ಕೇಳೋಕೆ ಯಾರು ಏಳ್ತಾರೆ? ಮಹಾರಾಜನ ಅರ್ಜಿ ಬಂತು. ಹಾಲಪ್ಪನೋರು ಅದಕ್ಕೆ 'ಪರಿಶೀಲನೆಯಲ್ಲಿದೆ' ಅಂತ ಮೊಹರು ಒತ್ತಿ ಸ್ಟೂಲಿನ ಮೇಲಿಟ್ರು. ಸ್ಟೂಲು ಹೇಗೂ ಖಾಲಿ ಇತ್ತಲ್ಲ.

ಆದ್ರೆ ತಿಪ್ಪಕ್ಕನಿಗೆ ಹೊಟ್ಟೆಪಾಡು ಬೇಕಲ್ಲ. ಒನಕೆ ಎತ್ತಿದಳು. ಒಂದೇ ಏಟಿಗೆ ಖಾರದ ಘಾಟು ಎದ್ದಿತು. "ಅಕ್ಕಾ, ನಾನು ಹೊರಟೆ," ಅಂತು ಒಳಗಿದ್ದ ಅರ್ಧ ಸೀನು. ಸ್ವಲ್ಪ ಇರು ಅಂತ ತಿಪ್ಪಕ್ಕ ಒನಕೆ ಕೆಳಗಿಳಿಸಿದಳು.

ಸುದ್ದಿ ಕೇಳಿ ಹಾಲಪ್ಪನೋರು ಚಪ್ಪಲಿ ಬಿಟ್ಟು ಓಡಿ ಬಂದ್ರು. ನೀನು ಸೀನಿದ್ರೆ ಜೋಡಿ ಆಗುತ್ತೆ, ಅವರು ಏಳ್ತಾರೆ, ಎಲ್ಲಾನೂ ವಾಪಸ್ ತಗೋತಾರೆ, ನನ್ನ ಕೈಗೆ ಮತ್ತೆ ಕರವಸ್ತ್ರ ಬರುತ್ತೆ ಅಂತ ಗೋಗರೆದ್ರು.

"ಹಾಗಾದ್ರೆ ಕುಟ್ಟೋರು ಯಾರು?" ಅಂದಳು ತಿಪ್ಪಕ್ಕ, ಒನಕೆ ಅವರ ಕಡೆ ಚಾಚಿ.

ಈಗ ಹದಿನೇಳನೇ ಪ್ರಾಂತ್ಯದಲ್ಲಿ ದಿನಾ ಬೆಳಿಗ್ಗೆ ಪ್ರಾಂತ್ಯಾಧಿಪತಿಗಳೇ ಮೆಣಸಿನಕಾಯಿ ಕುಟ್ಟುತ್ತಾರೆ. ಕಣ್ಣು ಕೆಂಪಗಿರುತ್ತೆ. ತಿಪ್ಪಕ್ಕ ದೂರದಲ್ಲಿ ಕೂತು ಪುಡಿ ಮಾರ್ತಾಳೆ. ನುಣ್ಣಗಾಗಿಲ್ಲ ಅಂದ್ರೆ ಏನೂ ಬೈಯಲ್ಲ. ಸುಮ್ನೆ ಕತ್ತು ಮೇಲೆತ್ತಿ "ಆ... ಆ..." ಅಂತಾಳೆ. ಒನಕೆ ತಾನಾಗೇ ಜೋರಾಗುತ್ತೆ.

ಇದರಿಂದ ಕಲಿಯೋ ನೀತಿ ಏನಂದ್ರೆ, ಅಧಿಕಾರ ಕೆಳಕ್ಕಿಳೀಬೇಕಾದ್ರೆ ಮೇಲಿನವರು ಕೂರಬೇಕು, ಇಳಿದ ಅಧಿಕಾರ ಕೆಲಸ ಮಾಡಬೇಕಾದ್ರೆ ಯಾರಾದ್ರೂ ಒಬ್ಬರು ಸೀನೋಕೆ ರೆಡಿ ಇರಬೇಕು. ಅವರು ಅಲ್ಲಿ ಕೂತೇ ಇದಾರೆ, ಇವರು ಇಲ್ಲಿ ಕುಟ್ತಾನೇ ಇದಾರೆ. ನೀವಿನ್ನು ಮನೆಗೆ ಹೊರಡಿ. ಏಳೋ ಮುಂಚೆ ಮಾತ್ರ ಪಕ್ಕದವರ ಮೂಗು ಒಂದ್ಸಲ ನೋಡ್ಕೊಂಡು ಏಳಿ.