ತಿಳಿ ಅಥವಾ ಕದಡು

“ಗುರುಗಳೇ, ನಮ್ಮ ವಿಹಾರಧಾಮದಲ್ಲಿ ಪರಿಸರ ನಿರ್ವಹಣಾ ವ್ಯವಸ್ಥೆ ಜಾರಿಗೆ ಬರುತ್ತಿದೆ. ದಿನಕ್ಕೊಂದು ನಮೂನೆ ತುಂಬಬೇಕು. ವರ್ಷಕ್ಕೊಮ್ಮೆ ತಪಾಸಣೆ, ಆಮೇಲೆ ಪ್ರಮಾಣಪತ್ರ. ಕಾಗದ ತುಂಬಿದರೆ ನೀರು ಶುದ್ಧವಾಗುತ್ತದೆಯೇ?” ಎಂದು ಅಡಿವೆಪ್ಪ ಕೇಳಿದ.

ಅವನು ಅಲ್ಲಿನ ವ್ಯವಸ್ಥಾಪಕ. ಅವನ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ, ಕುತೂಹಲವಿತ್ತು.

“ಒಮ್ಮೆ ಆಗಿದೆ” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಕೆರೆಯ ದಂಡೆಯಲ್ಲಿ ಈಜುಕೊಳ, ಜಾರುಬಂಡೆ, ಊಟದ ಮನೆ ಕಟ್ಟಿಸಿದ. ದೊಡ್ಡ ಕಂಪನಿಗಳು ತಮ್ಮ ನೌಕರರನ್ನು ಪ್ರಮಾಣಪತ್ರ ಇರುವ ಜಾಗಕ್ಕೆ ಮಾತ್ರ ಕಳುಹಿಸುತ್ತವೆ ಎಂದು ಯಾರೋ ಹೇಳಿದರು. ಮರುದಿನವೇ ಅವನಿಗೆ ಪರಿಸರದ ಮೇಲೆ ಪ್ರೀತಿ ಬಂತು.

ಸಲಹೆಗಾರನೊಬ್ಬ ಬಂದು ವ್ಯವಸ್ಥೆ ಮಾಡಿಕೊಟ್ಟ. ಗೋಡೆಗೆ ಒಂದು ಪ್ರತಿಜ್ಞೆ, ಬಣ್ಣಬಣ್ಣದ ಕಸದ ಡಬ್ಬಗಳು, ಒಂದು ರಿಜಿಸ್ಟರು. ರಿಜಿಸ್ಟರಿನ ಪ್ರತಿ ಪುಟದ ತಲೆಯಲ್ಲಿ ಹೀಗೆ ಅಚ್ಚಾಗಿತ್ತು: ‘ಹೊರಹೋಗುವ ನೀರು: ತಿಳಿ / ಕದಡು.’ ದಿನಾ ಬೆಳಿಗ್ಗೆ ಕೊಳ ತೊಳೆದ ಮೇಲೆ ಎರಡರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಅದಕ್ಕೆಂದು ನೇಮಿಸಿದವನು ತಿಂಗಳ ಮೊದಲ ದಿನ ಚಹಾ ಕುಡಿಯುತ್ತ ಕುಳಿತು, ಇಡೀ ತಿಂಗಳಿಗೆ ತಿಳಿ ಎಂದು ಗುರುತು ಹಾಕಿಬಿಡುತ್ತಿದ್ದ.

ಅವನು ಕೆಲಸ ಬಿಟ್ಟ. ರಿಜಿಸ್ಟರು ಕೊಳ ತೊಳೆಯುವ ಹೆಂಗಸಿನ ಕೈಗೆ ಬಂತು. ಆಕೆ ನಾಲ್ಕನೇ ತರಗತಿ ಓದಿದ್ದಳು. ಮನೆ ಕೆರೆಯ ಕೆಳಗಿನ ಬೀದಿಯಲ್ಲಿ. ಆ ಬೀದಿಯ ಬಾವಿ ಆರು ತಿಂಗಳಿಂದ ಔಷಧಿಯಂತೆ ನಾರುತ್ತಿತ್ತು. ಅನ್ನ ಮಾಡಿದರೆ ಅನ್ನವೂ ನಾರುತ್ತಿತ್ತು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

ಆಕೆ ಪುಟ ಓದಿದಳು. ಅದು ಅಪ್ಪಣೆಯಂತೆ ಕಂಡಿತು. ಮೇಲ್ವಿಚಾರಕನ ಬಳಿ ಹೋದಳು.

“ಸ್ವಾಮಿ, ನೀರನ್ನ ತಿಳಿ ಅಂತ ಬರ್ದವ್ರೆ. ಏನು ತಿಳ್ಕೋಬೇಕು?”

“ಏನೂ ತಿಳ್ಕೋಬೇಡ ತಾಯಿ. ಸುಮ್ನೆ ಗೀಟು ಎಳಿ.”

“ತಿಳ್ಕೊಳ್ದೆ ಹೆಂಗೆ ಎಳೀಲಿ? ಇಲ್ದಿದ್ರೆ ಕದಡು ಅಂತ ಬೇರೆ ಐತೆ. ತೊಳ್ದಿರೋ ನೀರನ್ನ ನಾನ್ಯಾಕೆ ಕದಡ್ಲಿ?”

ಮೇಲ್ವಿಚಾರಕ ನಕ್ಕ. ಊಟದ ಮನೆಯಲ್ಲಿ ಎಲ್ಲರಿಗೂ ಹೇಳಿ ಮತ್ತೊಮ್ಮೆ ನಕ್ಕ.

ಆಕೆ ಮಾತ್ರ ದಿನಾ ಕೊಳ ತೊಳೆದ ಮೇಲೆ ನೀರು ಹೊರಹೋಗುವ ಕೊಳವೆಯ ಜಾಡು ಹಿಡಿದು ಒಂದಿಷ್ಟು ದೂರ ನಡೆದಳು. ತಿಳಿ ಎಂಬುದಕ್ಕೆ ಗೀಟು ಎಳೆದು, ತಿಳಿದದ್ದನ್ನು ಕೆಳಗೆ ಬರೆದಳು. ‘ಕೊಳವೆ ಇಂಗುಗುಂಡಿಗೆ ಸೇರಿಲ್ಲ. ಪಕ್ಕದಲ್ಲಿ ಹೋಗುತ್ತದೆ.’ ಎರಡು ದಿನ ಬಿಟ್ಟು, ‘ಬಿದಿರಿನ ಹಿಂದೆ ಚರಂಡಿಗೆ ಬೀಳುತ್ತದೆ. ಊಟದ ಮನೆಯ ಎಣ್ಣೆಯೂ ಅಲ್ಲೇ.’ ಮತ್ತೆ, ‘ಚರಂಡಿ ನಮ್ಮ ಬೀದಿಗೆ ಬರುತ್ತದೆ.’

ಒಂಬತ್ತನೆಯ ದಿನ ಚರಂಡಿ ಎಲ್ಲಿ ಮುಗಿಯುತ್ತದೆ ಎಂದು ನೋಡಿ ಬಂದು, ಪೆನ್ನು ಹಿಡಿದು ಬಹಳ ಹೊತ್ತು ಕುಳಿತಳು. ಮನೆಗೆ ಸಂಬಳ ತರುವವಳು ಅವಳೊಬ್ಬಳೇ. ಬರೆದರೆ ಕೆಲಸ ಉಳಿಯುವುದಿಲ್ಲ ಎಂಬಷ್ಟು ಅವಳಿಗೂ ಗೊತ್ತಿತ್ತು. ಕೊನೆಗೆ ಬರೆದಳು: ‘ನಮ್ಮ ಬಾವಿಯ ಹಿಂದೆ ಇಂಗುತ್ತದೆ. ಬಾವಿಗೂ ಕೊಳಕ್ಕೂ ಒಂದೇ ವಾಸನೆ.’

ಅದನ್ನು ಯಾರೂ ಓದಲಿಲ್ಲ. ರಿಜಿಸ್ಟರನ್ನು ಓದುವುದು ಯಾರ ಕೆಲಸವೆಂದು ವ್ಯವಸ್ಥೆಯಲ್ಲಿ ಬರೆದಿರಲಿಲ್ಲ.

ತಪಾಸಕ ಬಂದ. ವ್ಯಾಪಾರಿ ಎಳನೀರು ಕೊಟ್ಟು ಪಕ್ಕದಲ್ಲಿ ನಿಂತ. ತಪಾಸಕ ಆಕಳಿಸುತ್ತ ಪುಟ ತಿರುಗಿಸಿದ. ಆಕೆಯ ಪುಟಗಳು ಬಂದವು. ಎಳನೀರು ಕೆಳಗಿಟ್ಟು ಎರಡು ಸಲ ಓದಿದ. ವ್ಯಾಪಾರಿಯೂ ಬಗ್ಗಿ ಮೊದಲ ಸಲ ಓದಿದ.

“ಸಾರ್, ಇವಳಿಗೆ ಸರಿಯಾಗಿ ಓದೋಕೆ ಬರಲ್ಲ. ತಪ್ಪು ತಿಳ್ಕೊಂಡಿದಾಳೆ.”

“ಅದೃಷ್ಟ ನಿಮ್ದು” ಎಂದ ತಪಾಸಕ. “ನೀರನ್ನ ನೋಡಿ ಬರ್ದಿರೋ ರಿಜಿಸ್ಟರು ನಾನು ಕಂಡಿದ್ದು ಇದೊಂದೇ. ಕೊಳವೆ ಸರಿ ಮಾಡ್ಸಿ. ಮೂರು ತಿಂಗಳು ಬಿಟ್ಟು ಬರ್ತೀನಿ.”

ವ್ಯಾಪಾರಿ ಬೈದುಕೊಳ್ಳುತ್ತಲೇ ಕೊಳವೆಯನ್ನು ಗುಂಡಿಗೆ ಸೇರಿಸಿದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾವಿಯ ನಾತ ಹೋಯಿತು. ಪ್ರಮಾಣಪತ್ರ ಬಂತು. ವರದಿಯಲ್ಲಿ ಹೆಸರು ಹಾಕಿ ಹೊಗಳಿದ್ದರಿಂದ ಆಕೆಯನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಟವೆಲು ಮಡಿಸುವ ಕೋಣೆಗೆ ಹಾಕಿದರು.

ನಮೂನೆಯನ್ನೂ ತಿದ್ದಿಸಿದರು. ‘ಸ್ವಚ್ಛ / ಅಸ್ವಚ್ಛ.’ ಆಮೇಲೆ ಯಾರೂ ತಪ್ಪು ತಿಳಿಯಲಿಲ್ಲ. ಹೊಸದಾಗಿ ಬಂದವನು ತಿಂಗಳ ಮೊದಲ ದಿನವೇ ಮೂವತ್ತು ಗೀಟು ಎಳೆದು ಮುಗಿಸಿದ.

ಗುರುಗಳು ನಿಲ್ಲಿಸಿದರು. ಅಡಿವೆಪ್ಪ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಬಿಡಿಸಿದ.

“ನಮ್ಮ ನಮೂನೆಯಲ್ಲೂ ಸ್ವಚ್ಛ ಅಂತಲೇ ಇದೆ, ಗುರುಗಳೇ. ನಾಳೆ ಅಚ್ಚಿಗೆ ಹೋಗುತ್ತದೆ. ತಿಳಿ ಅಂತ ತಿದ್ದಲೇ?”

ಗುರುಗಳು ಹಾಳೆಯನ್ನು ನೋಡಲೇ ಇಲ್ಲ.

“ಅಡಿವೆಪ್ಪ, ನಿಮ್ಮ ಕೊಳದ ನೀರು ಎಲ್ಲಿಗೆ ಹೋಗುತ್ತದೆ?”