ಮಾಯಿಗ ಮನೆಗಾಡಿ ನಿಲ್ಲಿಸಿದ್ದು

ಹೂಂಗುಟ್ಟೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ, ಕತೆ ಶುರುವಾಯಿತು.

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಚೆಲುವಾಜಮ್ಮ, ಮಗ ಮಾಯಿಗ. ಮಾಯಿಗ ಸೋಮಾರಿಯಲ್ಲ, ಸುಳ್ಳುಗಾರನಲ್ಲ, ತಾಯಿಯ ಮಾತು ಮೀರುವವನಂತೂ ಅಲ್ಲವೇ ಅಲ್ಲ. ಅದೇ ನೋಡಿ ತೊಂದರೆ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇಂಥವನನ್ನು ಹೆತ್ತವಳ ಪಾಡು ಹೆತ್ತವಳಿಗೇ ಗೊತ್ತು.

ಚೆಲುವಾಜಮ್ಮನ ಗಂಡ ಸಾಯುವ ಮುಂಚೆ ಕೈಯಾರೆ ಒಂದು ಮನೆಗಾಡಿ ಕಟ್ಟಿದ್ದ. ತಗಡಿನ ಒಂದು ಕೋಣೆ, ಕೆಳಗೆ ಎರಡು ಚಕ್ರ, ಮುಂದೆ ಒಂದು ಮರಿಚಕ್ರ, ಒಳಗೆ ಒಲೆ, ಮಂಚ, ಕಿಟಕಿಗೆ ಪರದೆ. ಜೀಪಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋದರೆ ಹೋದಲ್ಲೇ ಮನೆ. ಪೇಟೆಯವರು ಅದಕ್ಕೆ ಕ್ಯಾರವಾನ್ ಅನ್ನುತ್ತಾರೆ. ನೀರಿನ ದಂಡೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಬಾಳಬೇಕು ಅಂತ ಗಂಡನಿಗೆ ಆಸೆ. ಅವನು ಹೋದ, ಆಸೆ ಇವಳ ಎದೆಯಲ್ಲಿ ಉಳಿಯಿತು.

ಅಣೆಕಟ್ಟೆಯ ಹಿನ್ನೀರಿನ ಪಕ್ಕ ಜವರಪ್ಪನವರ ಕ್ಯಾಂಪು. ಪೇಟೆಯ ಮಂದಿ ಡೇರೆಯೋ ಮನೆಗಾಡಿಯೋ ತಂದು ಎರಡು ದಿನ ಇದ್ದು ಹೋಗುವ ಜಾಗ. ಬಂದವರಿಗೆ ರೊಟ್ಟಿ ತಟ್ಟಿ ಹಾಕಲು ಅಲ್ಲೊಬ್ಬರು ಬೇಕಾಗಿತ್ತು. ಜವರಪ್ಪನವರು ಹೇಳಿ ಕಳಿಸಿದರು: "ಗಾಡಿ ತಕ್ಕೊಂಡು ಬಂದು ನಾಲ್ಕು ದಿನ ಇರು. ಯಾರಿಂದ್ಲೂ ದೂರು ಬರಬಾರ್ದು. ಬರದಿದ್ರೆ ನೀರ ಪಕ್ಕದ ಹುಣಸೆಮರದ ಜಾಗ ನಿಂದೇ, ಇರೋವರ್ಗೂ ಇರು."

ಚೆಲುವಾಜಮ್ಮ ಅಂಗಳದಲ್ಲಿ ಒಂದು ಸುತ್ತು ಕುಣಿದಳು. ಆಮೇಲೆ ಮಗನ ಮುಖ ನೋಡಿದಳು. ಕುಣಿತ ನಿಂತಿತು. ಏನು ಮಾಡುತ್ತೀರಿ, ಜೀಪು ಓಡಿಸಲು ಬರುತ್ತಿದ್ದುದು ಅವನೊಬ್ಬನಿಗೇ!

"ನೋಡ್ಲಾ ಮಗ, ಜೀಪು ತಕ್ಕೊಂಡು ಸೀದಾ ಕ್ಯಾಂಪಿಗೆ ಹೋಗು. ಎಲ್ಲೂ ನಿಲ್ಲಿಸ್ಬ್ಯಾಡ, ಹಿಂದೆ ತಿರುಗಿ ನೋಡ್ಬ್ಯಾಡ" ಅಂದು ಮನೆಗಾಡಿ ಹತ್ತಿ ಬಾಗಿಲು ಹಾಕಿಕೊಂಡಳು. ಜೀಪು ಗುರ್ ಅಂದಿತು. ಚೆಲುವಾಜಮ್ಮ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿದಳು. "ಅಬ್ಬಬ್ಬ, ರಸ್ತೆ ಎಷ್ಟು ನುಣ್ಣಗೆ ಮಾಡವ್ರೆ! ಒಂದು ಕುಲುಕಾಟ ಇಲ್ವಲ್ಲ!" ಅಂದುಕೊಂಡಳು. ಒಂದು ಬುಟ್ಟಿ ಬೆಳ್ಳುಳ್ಳಿ ಮುಗಿಯಿತು. ನೀರು ಕಾಣುತ್ತದೇನೋ ಅಂತ ಬಾಗಿಲು ತೆಗೆದರೆ, ಎದುರಿಗೆ ಅವಳದೇ ಅಂಗಳ, ಅವಳದೇ ಕೋಳಿ!

ಮಧ್ಯಾಹ್ನ ಮಾಯಿಗ ವಾಪಸು ಬಂದ.

"ನೀನು ಹೇಳಿದ್ಹಂಗೇ ಮಾಡ್ದೆ ಕಣವ್ವ! ಜೀಪು ತಕ್ಕೊಂಡು ಹೋದೆ. ನಿಲ್ಲಿಸ್ಲಿಲ್ಲ, ತಿರುಗಿ ನೋಡ್ಲಿಲ್ಲ!"

"ಅಯ್ಯೋ ಪೆದ್ದೇ! ಕರ್ಕೊಂಡು ಹೋಗೋ ಮುಂಚೆ ಸರಪಳಿ ಹಾಕಿ ಬಿಗೀಬೇಕು, ಎರಡು ಸಲ ಅಲ್ಲಾಡ್ಸಿ ನೋಡ್ಬೇಕು, ಆಮೇಲೆ ಎಳ್ಕೊಂಡು ಹೋಗ್ಬೇಕು ಕಣ್ಲಾ!"

"ಆಯ್ತು ಕಣವ್ವ. ಇನ್ಮೇಲೆ ಹಂಗೇ."

ಅಂತೂ ಗಾಡಿ ಕ್ಯಾಂಪು ಸೇರಿತು. ಚೆಲುವಾಜಮ್ಮ ಒಲೆ ಹಚ್ಚಿದಳು, ಹುಚ್ಚೆಳ್ಳು ಚಟ್ನಿ ಅರೆದಳು. "ಹೋಗ್ಲಾ, ಜವರಪ್ಪನೋರನ್ನ ಊಟಕ್ಕೆ ಕರ್ಕೊಂಡು ಬಾ" ಅಂದಳು.

ಜವರಪ್ಪನವರು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಸೊಂಟಕ್ಕೆ ಏನೋ ತಣ್ಣಗೆ ತಗುಲಿತು. ನೋಡಿದರೆ ಸರಪಳಿ! ಮಾಯಿಗ ಬಿಗಿದ. ಹೆಗಲು ಹಿಡಿದು ಒಂದು ಸಲ ಅಲ್ಲಾಡಿಸಿದ. ಇನ್ನೊಂದು ಸಲ ಅಲ್ಲಾಡಿಸಿದ. ಕನ್ನಡಕ ಬಿತ್ತು.

"ಏ! ಏ! ಏನೋ ಇದು?"

"ಗಟ್ಟಿಯಾಗಿದೀರಿ ಗೌಡ್ರೇ, ಹೊರಡೋಣ" ಅಂದವನೇ ಎಳೆದುಕೊಂಡು ಹೊರಟ. ಡೇರೆ ಡೇರೆಯಿಂದ ತಲೆಗಳು ಹೊರಗೆ ಬಂದವು.

ಚೆಲುವಾಜಮ್ಮ ಓಡಿ ಬಂದು ಸರಪಳಿ ಬಿಚ್ಚಿ ಕೈ ಮುಗಿದಳು. ಜವರಪ್ಪನವರು ಊಟ ಮುಟ್ಟಲಿಲ್ಲ. "ನಿನ್ನ ಮುಖ ನೋಡಿ ಸುಮ್ಮನಿದೀನಿ ಕಣಮ್ಮ" ಅಂದು ಸೊಂಟ ತಿಕ್ಕಿಕೊಳ್ಳುತ್ತಾ ಹೋದರು.

"ನೀನು ಹೇಳಿದ್ಹಂಗೇ ಮಾಡ್ದೆ ಕಣವ್ವ!"

"ನಿನ್ನ ತಲೆ! ಬಂದೋರ್ಗೆ ಚಾಪೆ ಹಾಸ್ಬೇಕು, ಕೈಗೊಂದು ಬಾಳೆಹಣ್ಣು ಕೊಡ್ಬೇಕು, 'ನಿಮ್ಮನೆ ಅಂತ್ಲೇ ತಿಳ್ಕೊಳ್ಳಿ' ಅನ್ಬೇಕು ಕಣ್ಲಾ!"

"ಆಯ್ತು ಕಣವ್ವ. ಇನ್ಮೇಲೆ ಹಂಗೇ."

ಮಾರನೆಯ ದಿನ ಚೆಲುವಾಜಮ್ಮ ನೀರಿಗೆ ಹೋಗಿದ್ದಳು. ಮರದಿಂದ ಧೊಪ್ ಧೊಪ್ ಅಂತ ಕೋತಿಗಳು ಇಳಿದವು. ಒಂದು ಗಡವ, ಹಿಂದೆ ಅದರ ಸಂಸಾರ. ಮಾಯಿಗನಿಗೆ ಸಂತೋಷವೋ ಸಂತೋಷ. ಚಾಪೆ ಹಾಸಿದ. ಒಂದೊಂದರ ಕೈಗೂ ಬಾಳೆಹಣ್ಣು ಕೊಟ್ಟ. "ನಿಮ್ಮನೆ ಅಂತ್ಲೇ ತಿಳ್ಕೊಳ್ಳಿ" ಅಂದ.

ಚೆಲುವಾಜಮ್ಮ ಬಂದು ನೋಡುತ್ತಾಳೆ! ಗಡವ ಮಂಚದ ಮೇಲೆ ಮಲಗಿದೆ. ಅದರ ಹೆಂಡತಿ ಕಿಟಕಿ ಪರದೆ ಹೊದ್ದು ಒಲೆಯ ಮುಂದೆ ಕೂತಿದೆ. ಮರಿಗಳ ಮೈಯೆಲ್ಲ ರಾಗಿಹಿಟ್ಟು. ಒಳಗೆ ಕಾಲಿಟ್ಟರೆ ಗಡವ ಹಲ್ಲು ಕಿರಿದು, ಯಾರು ನೀನು ಅನ್ನುವ ಹಾಗೆ ಗುರ್ ಅಂದಿತು.

"ತಿಳ್ಕೊಳ್ಳಿ ಅಂದೆ, ತಿಳ್ಕೊಂಡ್ವು ಕಣವ್ವ!"

"ಅಯ್ಯೋ ನನ್ನ ಕರ್ಮವೇ! ರೊಟ್ಟಿ ವಾಸನೆ ಹಿಡ್ಕೊಂಡು ಬಾಗಿಲ ಗಂಟ ಬಂದೋರನ್ನ ತಟ್ಟೆ ಬಡ್ದು, ಹೋ ಅಂತ ಕೂಗಿ, ಆಚೆಗೆ ಓಡಿಸ್ಬೇಕು!"

"ಆಯ್ತು ಕಣವ್ವ. ಇನ್ಮೇಲೆ ಹಂಗೇ."

ಮೂರನೆಯ ದಿನ ಬೆಳಗ್ಗೆ ಪಕ್ಕದ ಡೇರೆಯ ಮೇಷ್ಟರು ಹೆಂಡತಿಯನ್ನು ಕರೆದುಕೊಂಡು ಬಂದರು. ಪಾಪ, ಸಂಭಾವಿತ ಜನ. "ಏನಮ್ಮಾ, ರೊಟ್ಟಿ ಘಮಘಮ ಅಂತಿದೆಯಲ್ಲ" ಅಂದರು. ಅಷ್ಟು ಅಂದದ್ದೇ ತಡ, ಢಣ್! ಢಣ್! ಢಣ್! "ಹೋ! ಹೋ! ಹೋ!" ತಟ್ಟೆ ಬಡಿಯುತ್ತಾ ಮಾಯಿಗ ಹಿಂದೆ, ಪಂಚೆ ಎತ್ತಿಕೊಂಡು ಮೇಷ್ಟರು ಮುಂದೆ, ಮೇಷ್ಟರಿಗಿಂತ ಮುಂದೆ ಮೇಷ್ಟರ ಹೆಂಡತಿ! ಮಲಗಿದ್ದ ಕ್ಯಾಂಪೆಲ್ಲ ಬೆದರಿ ಎದ್ದು ಕೂತಿತು. ದೂರು ಜವರಪ್ಪನವರ ಕಿವಿಗೂ ಬಿತ್ತು. "ಇನ್ನೊಂದು ದೂರು ಬರ್ಲಿ, ಆಮೇಲೆ ನೋಡು" ಅಂದರು ಅವರು.

ಚೆಲುವಾಜಮ್ಮ ತಲೆ ಚಚ್ಚಿಕೊಂಡಳು. "ಲೋ, ಅಕ್ಕಪಕ್ಕದೋರಿಗೆ ತೊಂದ್ರೆ ಆಗ್ಬಾರ್ದು ಕಣ್ಲಾ! ಏನೇ ಹೇಳೋದಿದ್ರೂ ತುದಿಗಾಲಲ್ಲಿ ಬಾ, ಮಲಗಿದ್ರೆ ಏಳೋ ಗಂಟ ಕಾಯಿ, ಆಮೇಲೆ ಕಿವೀಲಿ ಮೆಲ್ಲಗೆ ಹೇಳು!"

"ಆಯ್ತು ಕಣವ್ವ. ಇನ್ಮೇಲೆ ಹಂಗೇ."

ಮಧ್ಯಾಹ್ನ ರೊಟ್ಟಿ ತಟ್ಟಿ ತಟ್ಟಿ ಸೋತು ಚೆಲುವಾಜಮ್ಮ ಗಾಡಿಯೊಳಗೆ ಮಲಗಿದಳು. ಗಾಡಿಯ ಚಕ್ರಕ್ಕೆ ಯಾರೂ ಕಲ್ಲು ಕೊಟ್ಟಿರಲಿಲ್ಲ. ಗಾಳಿ ಒಂದು ಸಲ ಜೋರಾಗಿ ಬೀಸಿತು. ಗಾಡಿ ಮೆಲ್ಲಗೆ ಇಳಿಜಾರಿಗೆ ಹೊರಟಿತು. ಮಾಯಿಗ ನೋಡಿದ. ತುದಿಗಾಲಲ್ಲಿ ಹಿಂದೆಯೇ ನಡೆದ. ಬಾಗಿಲು ತೆಗೆದು ತುದಿಗಾಲಲ್ಲೇ ಒಳಗೆ ಹತ್ತಿದ. ಅವ್ವ ಗೊರಕೆ ಹೊಡೆಯುತ್ತಿದ್ದಳು. ಪಕ್ಕದಲ್ಲಿ ಕೈಕಟ್ಟಿ ಕೂತು ಕಾದ. ಅವಳು ಮಗ್ಗಲು ಬದಲಿಸಿ ಕಣ್ಣು ಬಿಟ್ಟಳು.

"ಅವ್ವಾ" ಅಂದ ಕಿವಿಯಲ್ಲಿ, ಮೆಲ್ಲಗೆ. "ಗಾಡಿ ನೀರಿಗೆ ಹೋಗ್ತಾ ಅದೆ."

"ಆಂ? ಎಲ್ಲಿಗೆ ಬಂತ್ಲಾ?"

"ಬಂದೇ ಬುಡ್ತು ಕಣವ್ವ."

ಬುಳುಂಕ್! ಮಂಚದ ಕೆಳಗೆ ನೀರು, ನೀರಿನ ಮೇಲೆ ಹಿಟ್ಟಿನ ಡಬ್ಬ, ಡಬ್ಬದ ಮೇಲೊಂದು ಕಪ್ಪೆ!

ಕ್ಯಾಂಪಿನವರೆಲ್ಲ ಸೇರಿ, ಜೀಪು ಕಟ್ಟಿ, ಐಸಾ ಐಸಾ ಅಂತ ಗಾಡಿಯನ್ನು ಹುಣಸೆಮರದ ಕೆಳಕ್ಕೆ ಎಳೆದು ತಂದರು. ಜವರಪ್ಪನವರ ಮುಖ ಕೆಂಡವಾಗಿತ್ತು. "ಸಾಕು ಕಣಮ್ಮ! ನಾಳೆ ಬೆಳಗಾದ್ರೆ ಈ ಗಾಡಿ ಇಲ್ಲಿರಬಾರ್ದು. ಹೊರಡಿಸೋಕೆ ನಾನೇ ನಿಂತಿರ್ತೀನಿ!" ಅಂದು, ತಮ್ಮ ಕಾರನ್ನು ಮನೆಗಾಡಿಯ ಪಕ್ಕದಲ್ಲೇ ತಂದು ನಿಲ್ಲಿಸಿ, ಕ್ಯಾಂಪಿನ ಕೋಣೆಯಲ್ಲೇ ಉಳಿದರು.

ಚೆಲುವಾಜಮ್ಮ ಅತ್ತಳು. ಮೂರು ದಿನದಿಂದ ಕಿಟಕಿ ತೆಗೆದರೆ ನೀರು ಕಾಣುತ್ತಿತ್ತು, ಅದನ್ನು ಬಿಟ್ಟು ಹೋಗಬೇಕಲ್ಲ ಅಂತ ಅತ್ತಳು. ಅಳುತ್ತಲೇ ಮಗನಿಗೆ ಹೇಳಿದಳು: "ಚಕ್ರ ಇರೋದನ್ನ ನಿಲ್ಲಿಸಿದ್ ಮ್ಯಾಲೆ ಚಕ್ರಕ್ಕೆ ಕಲ್ಲು ಕೊಡ್ಬೇಕು ಕಣಪ್ಪಾ. ಒಂದಿಂಚೂ ಅಲ್ಲಾಡ್ಬಾರ್ದು. ಇವತ್ತೊಂದಿನ ಆದ್ರೂ ನೆಟ್ಟಗೆ ಮಾಡು."

ಅವ್ವ ಅತ್ತದ್ದನ್ನು ಮಾಯಿಗ ನೋಡಿದ. ಈ ಸಲ ತಪ್ಪಬಾರದು ಅಂತ ಪಣ ತೊಟ್ಟ. ಪಕ್ಕದಲ್ಲಿ ಬಚ್ಚಲುಮನೆ ಕಟ್ಟುತ್ತಿದ್ದ ಗಾರೆಯವನು ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದ. ಮಾಯಿಗ ಕೇಳಿದ: "ಅಣ್ಣ, ಒಂದಿಂಚೂ ಅಲ್ಲಾಡ್ಬಾರ್ದು ಅಂದ್ರೆ ಕಲ್ಲು ಸಾಕಾ?"

"ಬರೀ ಕಲ್ಲು ಸಾಲಾಕಿಲ್ಲ ಕಣಪ್ಪ. ಸಿಮೆಂಟು, ಮರಳು, ಜಲ್ಲಿ ಕಲಸಿ ಹಾಕಿ ನೀರು ಕುಡಿಸ್ಬೇಕು. ನಿನ್ನ ಮೊಮ್ಮಗನ ಕಾಲಕ್ಕೂ ಅಲ್ಲಾಡಾಕಿಲ್ಲ" ಅಂದು ಅವನು ಸೈಕಲ್ಲು ಹತ್ತಿದ.

ಬೆಳಗಾಯಿತು. ಜವರಪ್ಪನವರು ಬಂದರು. "ಹೂಂ, ಹೊರಡಿ!" ಚೆಲುವಾಜಮ್ಮ ಗಂಟುಮೂಟೆ ಕಟ್ಟಿ ಕೆಳಗಿಳಿದಳು. ಗಾಡಿಯ ಕೆಳಗೆ ಕಣ್ಣು ಹೋಯಿತು. ಮೂರು ಚಕ್ರಕ್ಕೂ ಗೇಣೆತ್ತರ ಕಾಂಕ್ರೀಟು! ಮೇಲೆ ಕರಣೆಯಲ್ಲಿ ನುಣ್ಣಗೆ ಸವರಿದೆ. ಮಾಯಿಗ ತಂಬಿಗೆ ಹಿಡಿದು ನೀರು ಕುಡಿಸುತ್ತಿದ್ದಾನೆ.

"ಜೀಪು ತಗೀರಿ, ಕಿತ್ತು ಎಳೀರಿ!" ಅಂತ ಕೂಗಿದರು ಜವರಪ್ಪನವರು.

"ಜೀಪಿಗೂ ನಾಕು ಚಕ್ರ ಅದಾವಲ್ಲ ಗೌಡ್ರೇ" ಅಂದ ಮಾಯಿಗ. ಅದಕ್ಕೂ ಹಾಕಿದ್ದ.

"ನಾನೇ ಪೇಟೆಗೆ ಹೋಗಿ ಕ್ರೇನು ತರ್ತೀನಿ!" ಜವರಪ್ಪನವರು ತಮ್ಮ ಕಾರಿಗೆ ನುಗ್ಗಿ ಕೀಲಿ ತಿರುಗಿಸಿದರು. ಕಾರು ಬುರ್ ಅಂದಿತು, ಗುರ್ ಅಂದಿತು, ನಡುಗಿತು, ಕೂತಲ್ಲೇ ಕೂತಿತು.

"ನಿಮ್ಮದಕ್ಕೆ ಒಂದು ಬಾಂಡ್ಲಿ ಜಾಸ್ತೀನೇ ಹಾಕಿದೀನಿ ಗೌಡ್ರೇ, ದೊಡ್ಡೋರ ಕಾರು ಅಂತ!"

ಜವರಪ್ಪನವರು ಇಳಿದರು. ಹೋಗೋಣ ಅಂದರೆ ಕಾರು ಕದಲದು, ಹೊಡೆಯೋಣ ಅಂದರೆ ಹೊಟ್ಟೆಯಲ್ಲಿ ಹಸಿವು. ಬೇರೆ ದಾರಿ ಕಾಣದೆ ಹುಣಸೆಮರದ ಕೆಳಗೆ ಕುಕ್ಕರಿಸಿದರು. ಚೆಲುವಾಜಮ್ಮ ರೊಟ್ಟಿ ತಂದಿಟ್ಟಳು. ಒಂದು ತಿಂದರು. ಎರಡು ತಿಂದರು. ಮೂರನೆಯದಕ್ಕೆ ತಾವೇ ಕೈ ನೀಡಿದರು. ಕಾರಿನ ಕಡೆ ನೋಡಿದರು, ತಂಬಿಗೆ ಹಿಡಿದು ನಿಂತ ಮಾಯಿಗನ ಕಡೆ ನೋಡಿದರು. ಹೊಟ್ಟೆ ಕುಲುಕಿ ಕುಲುಕಿ ನಗು ಬಂತು. ನಗುತ್ತಾ ಕಣ್ಣಲ್ಲಿ ನೀರು ಬಂತು.

"ಇರು ಕಣಮ್ಮ, ಇರು! ಈ ಗಾಡೀನ ಇನ್ನು ಯಾವ ದೇವರೂ ಕೀಳಾಕಾಗಲ್ಲ. ಹುಣಸೆಮರದ ಜಾಗ ನಿಂದೇ!"

ಚೆಲುವಾಜಮ್ಮ ಮಗನ ಕೆನ್ನೆ ಹಿಂಡಿ, ಅದೇ ಕೆನ್ನೆಗೆ ಮುತ್ತಿಟ್ಟಳು. ಆ ಪೆದ್ದನನ್ನು ಹೆತ್ತದ್ದಕ್ಕೆ ಅವಳಿಗೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ.

"ಆದ್ರೆ ಏ ಹುಡುಗ, ಆ ಕಾಂಕ್ರೀಟಿಂದ ನನ್ನ ಕಾರು ಬಿಡಿಸ್ಕೊಡು, ನಾನು ಊರಿಗೆ ಹೋಗ್ಬೇಕು" ಅಂದರು ಜವರಪ್ಪನವರು.

"ಆಯ್ತು ಗೌಡ್ರೇ!" ಮಾಯಿಗ ಜಾಕಿ, ಪಾನಾ ಹಿಡಿದು ಓಡಿದ. ಇವರು ಐದನೆಯ ರೊಟ್ಟಿ ಮುಗಿಸುವಷ್ಟರಲ್ಲಿ ಮೈಯೆಲ್ಲ ಗ್ರೀಸು ಮಾಡಿಕೊಂಡು, ಮುಖ ಅರಳಿಸಿಕೊಂಡು ಬಂದ.

"ಬಿಡಿಸ್ಬುಟ್ಟೆ ಗೌಡ್ರೇ! ಕಾರು ಪೂರ್ತಿ ಈಚೆಗೆ ಬಂತು. ಕಾಂಕ್ರೀಟಲ್ಲಿ ನಾಕು ಚಕ್ರ ಮಾತ್ರ ಉಳ್ಕೊಂಡಿರಾದು. ಇನ್ನು ನೀವು ಆರಾಮಾಗಿ ಹೊರಡಿ!"

ಜವರಪ್ಪನವರು ಎದ್ದು ನೋಡಿದರು. ನೆಲದ ಮೇಲೆ ಕಾರು ಹೊಟ್ಟೆ ಹಚ್ಚಿ ಮಲಗಿತ್ತು. ಅವರು ಹಿಂದಕ್ಕೆ ಬಂದು, ಚಕ್ಕಳಮಕ್ಕಳ ಹಾಕಿ ಕೂತು, ತಟ್ಟೆ ಮುಂದಕ್ಕೆ ತಳ್ಳಿದರು.

"ಇನ್ನೆರಡು ಹಾಕು ಕಣಮ್ಮ."