ಭರಣಿಯ ಹೆಪ್ಪು

ಚಳಿಯ ಬೆಟ್ಟದೂರಿನ ಮಣ್ಣಿನ ಕುಡಿಕೆ ಹೆಪ್ಪು ಕೇಳಿಕೊಂಡು ಬಯಲೂರಿನ ಪಿಂಗಾಣಿ ಭರಣಿಯ ಬಳಿಗೆ ಹೋಯಿತು.

"ಧಾರಾಳವಾಗಿ ಒಯ್ಯಿ ಮಗಳೇ," ಎಂದಿತು ಭರಣಿ. "ಆದರೆ ನನ್ನ ಹಾಗೆ ತಣ್ಣನೆಯ ಕಲ್ಲಿನ ಮೇಲೆಯೇ ಕೂರಬೇಕು. ಒಲೆಯ ಹತ್ತಿರ ಸುಳಿದೆಯೋ, ಇನ್ನೊಮ್ಮೆ ಹೆಪ್ಪು ಕೊಡುವುದಿಲ್ಲ."

ಕುಡಿಕೆ ಬೆಟ್ಟದೂರಿನ ಮನೆಗೆ ಮರಳಿ, ತನ್ನೊಳಗಿನ ಹಾಲಿಗೆ ಹೆಪ್ಪು ಹಾಕಿಕೊಂಡು, ಭರಣಿ ಹೇಳಿದಂತೆಯೇ ತಣ್ಣನೆಯ ಕಲ್ಲಿನ ಮೇಲೆ ಕೂತಿತು. ಸಂಜೆಯಾದರೂ ಹಾಲು ಹಾಲಾಗಿಯೇ ಇತ್ತು. ಮನೆಯ ಮಕ್ಕಳು ಇಣುಕಿ ನೋಡಿ, ಮುಖ ಸಪ್ಪೆ ಮಾಡಿಕೊಂಡು ಹೋದರು. ಕುಡಿಕೆಗೆ ತಡೆಯಲಾಗಲಿಲ್ಲ, ಮೆಲ್ಲಗೆ ಸರಿದು ಒಲೆಯ ಬೆಚ್ಚಗಿನ ಬೂದಿಗೆ ಒರಗಿತು. ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು!

ಆಗಲೇ ತಪಾಸಣೆಗೆಂದು ಭರಣಿ ಬೆಟ್ಟ ಹತ್ತಿ ಬಂತು. ಕುಡಿಕೆಯ ಮೈಗೆ ಮೆತ್ತಿದ ಬೂದಿ ಕಂಡು ಗದರಲು ಹೊರಟರೆ, ಚಳಿಗೆ ಮಾತೇ ಹೊರಡದೆ ಗಡಗಡ ನಡುಗಿತು.

"ಮೊದಲು ಒಲೆಯ ಹತ್ತಿರ ಬನ್ನಿ ಅಜ್ಜಿ," ಎಂದು ಕುಡಿಕೆ ಸರಿದು ಜಾಗ ಮಾಡಿಕೊಟ್ಟಿತು. "ಮೈ ಬೆಚ್ಚಗಾದ ಮೇಲೆ ಬೈಯುವಿರಂತೆ."